ಡೀನ್ ಮೇಡಂ ಅವರ ಮಿರ್ಚಿ

ನಮ್ಮ ಡೀನ್ ವೀರಭದ್ರಮ್ಮ ಮೇಡಂ ಕುರುಗೋಡಿನವರು. ಹಸಿದವರಿಗೆ ಕೆಟ್ಟ ಸುದ್ದಿ ಹೇಳಬಾರದೆಂದು ಅವರ ತಾಯಿ ಕಲಿಸಿದ್ದರಂತೆ. ಹಾಗಾಗಿ ಬಳ್ಳಾರಿಯ ನಮ್ಮ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರ ಸಭೆಗೆ ಬಿಸಿ ಮಿರ್ಚಿ ಬಜ್ಜಿ ಬಂತೆಂದರೆ ನಮ್ಮ ಎದೆ ಧಸಕ್ಕೆನ್ನುತ್ತದೆ. ಪಾಠದ ಅವಧಿ ಹೆಚ್ಚಿಸಿದಾಗ ಮಿರ್ಚಿ, ಸಂಶೋಧನೆಯ ಅನುದಾನ ನಿಂತಾಗಲೂ ಮಿರ್ಚಿ. ಬೇಡ ಅನ್ನಲಿಕ್ಕೂ ಆಗದು, ಹಾಳಾದ್ದು ಅಷ್ಟು ರುಚಿ!

ಮೊನ್ನೆಯ ಸಭೆಗೆ ಕ್ಯಾಂಟೀನಿನಿಂದ ಏನೂ ಬರಲಿಲ್ಲ. ಪಕ್ಕದಲ್ಲಿದ್ದ ಶಶಿಕಾಂತ್, "ಸರ್, ಈ ಸಲ ಪಾರಾದ್ವಿ!" ಎಂದು ನನ್ನ ಕೈ ಕುಲುಕಿದ.

ಮೇಡಂ ನಗುತ್ತ ಎದ್ದು ನಿಂತರು. "ತಿಂಡಿ ಖರ್ಚಿಗೂ ಕತ್ತರಿ ಬಿದ್ದೈತ್ರಿ," ಎಂದು ಮೇಜಿನ ಕೆಳಗಿಂದ ದೊಡ್ಡ ಸ್ಟೀಲ್ ಡಬ್ಬಿ ಎತ್ತಿಟ್ಟರು. "ಅದಕ್ಕ ಮನಿಯಾಗ ನಾನೇ ಮಾಡ್ಕೊಂಡು ಬಂದೀನಿ. ಎಲ್ಲಾರೂ ಎರಡೆರಡು ಮಿರ್ಚಿ ತಗೋರಿ. ಈ ಸಲದ ಸುದ್ದಿಗೆ ಒಂದು ಸಾಲೋದಿಲ್ಲ."