ಚಕ್ರದ ಮುಂದಿನ ನಿಂಬೆಹಣ್ಣು

ನ್ಯಾಮತಿಯ ಬಸ್ ನಿಲ್ದಾಣದ ಹಿಂದೆಯೇ ಅಜ್ಜಿಯ ಮನೆ. ಹಿತ್ತಲಲ್ಲಿ ಒಂದು ನಿಂಬೆಗಿಡ. ಅಮಾವಾಸ್ಯೆಯ ಬೆಳಿಗ್ಗೆ ಸವಳಂಗದ ಬಸ್ಸಿನವರು, ಹೊನ್ನಾಳಿಯ ಬಸ್ಸಿನವರು, ಚನ್ನಗಿರಿಗೆ ಹೋಗುವ ಲಾರಿಯವರು ಬಾಗಿಲಿಗೆ ಬಂದು, "ಅಜ್ಜೀ, ಹಣ್ಣು ಕೊಡ್ರೀ" ಎಂದು ಕೈ ಚಾಚುತ್ತಿದ್ದರು. ಪೂಜೆ ಮುಗಿಸಿ, ಚಕ್ರದ ಮುಂದೆ ಹಣ್ಣಿಟ್ಟು, ಅದರ ಮೇಲೆ ಗಾಡಿ ಹಾಯಿಸಿದರೆ ಬರುವ ಕೇಡು ಅಲ್ಲೇ ಕಳೆಯಿತು ಎಂಬುದು ಅವರ ನಂಬಿಕೆ. ಅಜ್ಜಿಯದೂ ಅದೇ.

ಅಜ್ಜಿಯ ಕಿರಿಯ ಮಗ, ನನ್ನ ಚಿಕ್ಕಪ್ಪ, ದೆಹಲಿಯಲ್ಲಿ ವಾಯುಪಡೆಯ ಮೆಕ್ಯಾನಿಕ್. ಮಂತ್ರಿಗಳನ್ನೂ ಹೊರದೇಶದ ಅತಿಥಿಗಳನ್ನೂ ಒಯ್ಯುತ್ತಿದ್ದ ಒಂದು ಜೆಟ್ ವಿಮಾನ ಅವರ ಪಾಲಿಗೆ ಬಂದಿತ್ತು. ಅದು ಎಲ್ಲಿಗೆ ಹಾರಿದರೂ ಮೆಕ್ಯಾನಿಕ್ಕೂ ಜೊತೆಗೆ ಹೋಗಬೇಕು. ಈ ಸಂಗತಿ ತಿಳಿದ ಮೇಲೆ ರೇಡಿಯೋದಲ್ಲಿ 'ವಿಮಾನ' ಎಂಬ ಶಬ್ದ ಕೇಳಿದರೆ ಸಾಕು, ಅಜ್ಜಿ ಒಲೆ ಬಿಟ್ಟು ಎದ್ದು ಬಂದು ವಾರ್ತೆ ಮುಗಿಯುವವರೆಗೂ ನಿಂತಿರುತ್ತಿದ್ದಳು.

ಎಪ್ಪತ್ತರ ದಶಕ ಅದು. ಅಪ್ಪನ ನೌಕರಿಯಿಂದಾಗಿ ನಾವು ಜಗಳೂರಿನಲ್ಲಿದ್ದೆವು. ಅಲ್ಲಿಯ ಆಕಾಶಕ್ಕೆ ಮರೆ ಕಡಿಮೆ. ಎತ್ತರದಲ್ಲಿ ಒಂದು ಬಿಳಿ ಗೆರೆ ಮೂಡಿದರೆ ಅದು ಚದುರಿ ಇಲ್ಲವಾಗುವ ತನಕ ನಾನು ಶಾಲೆಯ ಬಯಲಿನಲ್ಲಿ ನಿಂತು ನೋಡುತ್ತಿದ್ದೆ. ಅದು ಚಿಕ್ಕಪ್ಪನ ವಿಮಾನವೇ ಎಂದು ಯಾರಿಗೂ ಹೇಳುತ್ತಿರಲಿಲ್ಲ, ಆದರೆ ಹಾಗೇ ಅಂದುಕೊಳ್ಳುತ್ತಿದ್ದೆ.

ಚಿಕ್ಕಪ್ಪ ರಜೆಗೆ ಬಂದಾಗ ನಾನೂ ನ್ಯಾಮತಿಗೆ ಹೋಗುತ್ತಿದ್ದೆ. ವಿಮಾನದಲ್ಲಿ ಯಾರು ಕೂತರು, ಏನು ಮಾತಾಡಿದರು ಎಂಬುದನ್ನು ಅವರು ಎಂದೂ ಹೇಳಿದವರಲ್ಲ. ವಿಮಾನದ ವಿಷಯ ಮಾತ್ರ ಹೇಳುತ್ತಿದ್ದರು. ಅದರ ಮೂತಿಗೆ ಗಾಜು, ದಾರಿ ನೋಡುವವನು ಆ ಗಾಜಿನ ಹಿಂದೆ ಕೂರುತ್ತಾನೆ. ನೆಲ ಮುಟ್ಟಿದ ಮೇಲೆ ಓಟ ತಗ್ಗಿಸಲು ಬಾಲದಿಂದ ಬಟ್ಟೆಯ ಒಂದು ದೊಡ್ಡ ಕೊಡೆ ಬಿಚ್ಚಿಕೊಳ್ಳುತ್ತದೆ.

"ಓಡೋವಾಗ ಸೆರಗು ಬೇಲಿಗೆ ಸಿಕ್ಕಂಡಂಗೆ ಅನ್ನು" ಎಂದಳು ಅಜ್ಜಿ.

"ಹಂಗೇ ಅವ್ವ. ಆದ್ರೆ ಹರಿಯಂಗಿಲ್ಲ."

ಹೊರಡುವ ದಿನ ಅಜ್ಜಿ ಟವೆಲ್ಲಿನ ತುದಿಯಲ್ಲಿ ನಿಂಬೆಹಣ್ಣು ಕಟ್ಟಿ ಕೊಡುತ್ತಿದ್ದಳು. "ಮುಂದಿನ ಗಾಲಿಗೆ ಇಡು. ಮರೀಬ್ಯಾಡ."

"ಆತವ್ವ."

ಮುಂದಿನ ರಜೆಯಲ್ಲಿ ಚೀಲ ಕೆಳಗಿಡುವ ಮೊದಲೇ ಪ್ರಶ್ನೆ: "ಇಟ್ಟಿದ್ಯೇನೋ?"

"ಇಟ್ಟಿದ್ದೆ."

ಅಷ್ಟು ಕೇಳಿದ ಮೇಲೆಯೇ ಅಜ್ಜಿ ಅಡುಗೆಮನೆಗೆ ಹೋಗುತ್ತಿದ್ದಳು.

ಎಂಬತ್ತರ ದಶಕದಲ್ಲಿ ಹೊಸ ವಿಮಾನಗಳು ಬಂದವು. ಹಳೆಯದನ್ನು ತರಬೇತಿಯವರು ಬಿಚ್ಚಿ ಜೋಡಿಸಿ ಕಲಿಯಲಿ ಎಂದು ಬೆಂಗಳೂರಿಗೆ ತಂದು ನಿಲ್ಲಿಸಿದರು. ಅದರ ಕೊನೆಯ ಹಾರಾಟದಲ್ಲಿ ಚಿಕ್ಕಪ್ಪನೂ ಬಂದಿಳಿದರು. ಸಿಬ್ಬಂದಿಯ ಮನೆಯವರಿಗೆ ಒಂದು ದಿನ ನೋಡಲು ಬಿಟ್ಟರು. ನಾನಾಗ ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಅಜ್ಜಿ ನ್ಯಾಮತಿಯಿಂದ ಬಂದಳು, ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ಗಂಟಿನಲ್ಲಿ ಒಂದು ಹಣ್ಣಿಟ್ಟುಕೊಂಡು.

ನಾನು ಅಂದುಕೊಂಡಿದ್ದಕ್ಕಿಂತ ಅದು ದೊಡ್ಡದಿತ್ತು. ಬಿಳಿಯ ಮೈ, ಕಿಟಕಿಗಳ ಉದ್ದಕ್ಕೂ ನೀಲಿ ಪಟ್ಟಿ, ಹಿಂದಕ್ಕೆ ಬಾಗಿದ ರೆಕ್ಕೆ. ಹೊಟ್ಟೆಯ ಕೆಳಗೆ ನಿಂತು ಅಂಗೈ ಇಟ್ಟೆ. ಬಿಸಿಲಿಗೆ ಬೆಚ್ಚಗಾಗಿತ್ತು. ಮೊಳೆಗಳ ಸಾಲು ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ತಾಗುತ್ತಿರಲಿಲ್ಲ. ಅಷ್ಟು ಭಾರದ ವಸ್ತು ಗಾಳಿಯ ಮೇಲೆ ನಿಲ್ಲುವುದು ಹೇಗೆಂದು ನಾನು ಪರೀಕ್ಷೆಯಲ್ಲಿ ಬರೆದು ಬಂದವಳು. ಅಲ್ಲಿ ನಿಂತಾಗ ಆ ಉತ್ತರ ನನಗೇ ಸಾಲದಾಯಿತು.

ಒಳಗೆ ಎದುರುಬದುರು ಅಗಲವಾದ ಸೀಟುಗಳು, ಲೋಟ ಜಾರದಂತೆ ಅಂಚು ಕಟ್ಟಿದ ಮೇಜು, ಪರದೆಗಳು. ಅಜ್ಜಿ ಯಾವುದನ್ನೂ ಮುಟ್ಟಲಿಲ್ಲ. "ನಿಂದು ಯಾವ ಜಾಗ?" ಎಂದು ಮಗನನ್ನು ಕೇಳಿದಳು. ಅವರು ಬಾಲದ ಬಳಿಯ ಇಕ್ಕಟ್ಟಾದ ಸೀಟು ತೋರಿಸಿದರು. ಅಜ್ಜಿ ಹೋಗಿ ಅದರಲ್ಲಿ ಕೂತು, ಕಣ್ಣು ಮುಚ್ಚಿ, ತುಸು ಹೊತ್ತು ಹಾಗೇ ಇದ್ದಳು.

ಕೆಳಗಿಳಿದವಳೇ ಗಂಟು ಬಿಚ್ಚಿ, ಬಗ್ಗಿ, ಮುಂದಿನ ಚಕ್ರದೆದುರು ಹಣ್ಣಿಟ್ಟಳು. ಅವಳು ನೆಟ್ಟಗಾಗುವಷ್ಟರಲ್ಲಿ ಚಿಕ್ಕಪ್ಪ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡಿದ್ದರು. ಹಾಗೆ ಮಾಡಿದ್ದು ಅವರಿಗೇ ಆಮೇಲೆ ಗೊತ್ತಾದಂತಿತ್ತು.

"ಯಾಕೋ ತೆಗದಿ?"

"ಅವ್ವ, ವಿಮಾನದ ಹತ್ರ ಒಂದು ಕಲ್ಲೂ ಬಿಡಂಗಿಲ್ಲ. ಎಂಜಿನ್ನು ಎಳಕಂಡ್ರೆ ಮುಗೀತು. ದಿನಾ ಬೆಳಗ್ಗೆ ನಾವು ಸಾಲಾಗಿ, ತಲೆ ತಗ್ಗಿಸ್ಕಂಡು, ನೆಲ ನೋಡ್ತಾ ನಡೀಬೇಕು. ಏನು ಕಂಡ್ರೂ ಎತ್ತಬೇಕು."

"ಮತ್ತೆ ನಾನು ಕೊಟ್ಟಿದ್ದು?"

ಚಿಕ್ಕಪ್ಪ ನನ್ನತ್ತ ನೋಡಿದರು. ನಾನು ರೆಕ್ಕೆಯತ್ತ ನೋಡಿದೆ.

"ಪಾನಕ ಮಾಡ್ಕಂಡು ಕುಡಿದ್ವಿ."

"ಎಲ್ಲಾನೂ?"

"ಎಲ್ಲಾನೂ. ಪಂಜಾಬಿ, ಮಲೆಯಾಳಿ, ಎಲ್ಲಾರೂ. ನಿಮ್ಮವ್ವನ ಹಣ್ಣು ಯಾವಾಗ ಬರ್ತದೆ ಅಂತ ಕೇಳೋರು."

ಅಜ್ಜಿ ನಗಲಿಲ್ಲ. ಇಷ್ಟು ವರ್ಷ ಅವಳು ನಿದ್ದೆ ಮಾಡಿದ್ದು ಆ ಹಣ್ಣುಗಳನ್ನು ನಂಬಿ. ಚಕ್ರದ ಸುತ್ತಲಿನ ನೆಲ ನೋಡಿದಳು. ಒಂದು ಕಡ್ಡಿಯೂ ಇರಲಿಲ್ಲ. ಇನ್ನು ಹಾರದ ವಿಮಾನದ ಕೆಳಗೂ ಯಾರೋ ಗುಡಿಸಿದ್ದರು. ಆಮೇಲೆ ತಲೆಯೆತ್ತಿ ಬಾಲದ ತುದಿಯವರೆಗೂ ನೋಡಿದಳು.

"ಹಂಗಾದ್ರೆ ಏನೂ ಇಡದೇನೇ ಹಾರ್ತಿತ್ತಾ ಇದು?"

"ಹೂನವ್ವ."

"ನಿನ್ನ ಕೂರಿಸ್ಕಂಡು?"

"ನನ್ನ ಕೂರಿಸ್ಕಂಡು."

ಅಜ್ಜಿ ಚಕ್ರದ ಮೇಲೆ ಅಂಗೈ ಇಟ್ಟಳು. ಕೆಲಸ ಮುಗಿಸಿದ ಎತ್ತಿನ ಬೆನ್ನ ಮೇಲೆ ಇಡುವ ಹಾಗೆ. ಆಮೇಲೆ ಮಗನ ಕಡೆ ತಿರುಗಿದಳು. "ಜೇಬಿನಾಗಿಟ್ಕಂಡು ಏನು ಮಾಡ್ತಿ? ನಮಗೂ ಒಂದು ಲೋಟ ಮಾಡ್ಕೊಡು ನಡಿ. ಊರಿಗೆಲ್ಲ ಕುಡಿಸಿದೀಯ."

ಕ್ಯಾಂಟೀನಿನಲ್ಲಿ ಚಿಕ್ಕಪ್ಪನೇ ಹಣ್ಣು ಹಿಂಡಿ ಮೂರು ಲೋಟಕ್ಕೆ ಹಂಚಿದರು. ಅಜ್ಜಿ ಲೋಟ ಎತ್ತಿ, ಕುಡಿಯುವ ಮುನ್ನ, ಕಿಟಕಿಯಾಚೆ ಮರಗಳಿಗಿಂತ ಎತ್ತರಕ್ಕೆ ಕಾಣುತ್ತಿದ್ದ ಆ ಬಾಲವನ್ನು ಇನ್ನೊಮ್ಮೆ ನೋಡಿದಳು.