ತೇಲುತ್ತದೋ, ಮುಳುಗುತ್ತದೋ

ಒಂದನೇ ತರಗತಿಗೆ ಕನ್ನಡ, ಇಂಗ್ಲಿಷ್ ಎರಡೂ ಮಾಧ್ಯಮ ಬಂದ ವರ್ಷ ನಮ್ಮ ಶಾಲೆಯಲ್ಲಿ ಆ ತರಗತಿ ನನ್ನ ಕೊರಳಿಗೆ ಬಿತ್ತು. ನಾನೋ ಹುಟ್ಟಾ ಪುಕ್ಕಲಿ. ಹೆದರುವವರ ಮೇಲೆ ಕಪ್ಪೆ ಎಸೆದರಂತೆ, ಹಾಗೆ ತರಬೇತಿಯಲ್ಲಿ ಇನ್ನೊಂದು ಮಾತು ಹೇಳಿ ಕಳಿಸಿದರು: ಉತ್ತರ ನೀವು ಹೇಳಬೇಡಿ, ಮಕ್ಕಳೇ ಕೇಳಲಿ, ಮಕ್ಕಳೇ ಮಾಡಿ ನೋಡಲಿ. ಆ ಚಿಕ್ಕ ಮಕ್ಕಳು ಏನು ಕೇಳಿಬಿಡುತ್ತಾರೋ ಎಂದು ಅಂಜುತ್ತಲೇ ಮಸ್ಕಿಯಿಂದ ಹೊರಟು, ಸಿಂಧನೂರಿನಲ್ಲಿ ಬಸ್ ಬದಲಿಸಿ, ಜವಳಗೇರಾದ ಆಚೆ ಗದ್ದೆಗಳ ನಡುವಿನ ಆ ಶಾಲೆಗೆ ಹೋಗುತ್ತಿದ್ದೆ.

ಆ ವಾರದ ಪ್ರಶ್ನೆ, ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ? ಮನೆಯಿಂದ ಏನಾದರೂ ತನ್ನಿ ಎಂದಿದ್ದೆ. ಹುಣಸೆ ಬೀಜ ಬಂತು, ಚಮಚ ಬಂತು, ಒಬ್ಬ ಅಪ್ಪನ ಒಂದು ಹವಾಯಿ ಚಪ್ಪಲಿ ತಂದಿದ್ದ. ಅಪ್ಪ ಬರಿಗಾಲಲ್ಲಿ ಹೋದನೇನೋ ಪಾಪ! ಟಬ್ಬಿನ ಸುತ್ತ ಕೂತು "ಫ್ಲೋಟ್! ತೇಲ್ತು!", "ಸಿಂಕ್! ಮುಳುಗ್ತು!" ಎಂದು ಒಂದೇ ಗದ್ದಲ. ಅಂದು ಮೊದಲ ಸಲ ನನ್ನ ಅಂಜಿಕೆ ಮರೆತಿತ್ತು.

ನಾಟಿ ಕೂಲಿಗೆ ಹೋಗುವವಳ ಮಗಳೊಬ್ಬಳು ಮುಚ್ಚಳವಿದ್ದ ಗಟ್ಟಿ ಬಾಟಲಿ ತಂದಿದ್ದಳು. ಖಾಲಿ ಇದ್ದಾಗ ತೇಲಿತು. ಅವಳೇ ನಲ್ಲಿಗೆ ಹೋಗಿ ನೀರು ತುಂಬಿಸಿಕೊಂಡು ಬಂದು ಬಿಟ್ಟಳು, ಮುಳುಗಿತು.

"ಟೀಚರ್, ಎಷ್ಟ್ ನೀರು ಕಮ್ಮಿ ಮಾಡಿದ್ರ ಮ್ಯಾಲ ಬರ್ತೈತ್ರಿ?"

"ನೀನಽ ಮಾಡಿ ನೋಡವಾ," ಎಂದೆ. ತರಬೇತಿಯವರು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು. ಆದರೆ ನೆಲಕ್ಕೆ ಒಂದು ಹನಿ ಚೆಲ್ಲಿದರೆ ನೋಡ್ರಿ ಮತ್ತ ಎಂದು ಬೆಳಿಗ್ಗೆಯೇ ಎಲ್ಲರನ್ನೂ ಗದರಿಸಿದ್ದೆ. ಹುಡುಗಿ ಚೆಲ್ಲಲಿಲ್ಲ. ಕುಡಿದಳು. ಒಂದಿಷ್ಟು ಕುಡಿದು ಬಿಟ್ಟು ನೋಡಿದಳು, ಮತ್ತೊಂದಿಷ್ಟು ಕುಡಿದು ಬಿಟ್ಟು ನೋಡಿದಳು.

ಊಟದ ಗಂಟೆಗೆ ಮುಂಚೆ ಅವಳ ಬಾಯಿಂದ ಜೊಲ್ಲು ಸುರಿಯತೊಡಗಿತು. ವಾಂತಿಯಾಯಿತು. ಬಾಟಲಿ ಎತ್ತಿ ಮೂಸಿದೆ. ಅಯ್ಯೋ ನನ್ನಪ್ಪಾ! ಗದ್ದೆಗೆ ಹುಳದ ಔಷಧ ಹೊಡೆಯುವ ದಿನ ಕಿಟಕಿಯಿಂದ ಬರುವ ಅದೇ ನಾತ.

ಆಟೋದಲ್ಲಿ ಹೆಡ್‌ಮಾಸ್ತರರು ಮುಂದೆ, ಹುಡುಗಿ ನನ್ನ ತೊಡೆಯ ಮೇಲೆ. ಅವಳ ಮೈಯೆಲ್ಲ ಬೆವರು. "ಕಣ್ ಮುಚ್ಚಬ್ಯಾಡ ಯವ್ವಾ, ನನ್ನ ಕೂಡ ಮಾತಾಡು," ಎನ್ನುತ್ತಿದ್ದೆ. ಸಿಂಧನೂರಿನ ಆಸ್ಪತ್ರೆ ಅಷ್ಟು ದೂರವಿದೆ ಎಂದು ಅಂದೇ ಗೊತ್ತಾದದ್ದು. ಇದೊಂದು ಜೀವ ಉಳಿಸಪ್ಪಾ, ನಾಳೆಯಿಂದ ಬರೀ ಅ ಆ ಇ ಈ ಬರೆಸಿಕೊಂಡಿರುತ್ತೇನೆ ಎಂದು ಶಿವನಿಗೆ ಹೇಳಿಕೊಂಡೆ.

"ಯಾವ ಔಷಧ?" ಎಂದು ಡಾಕ್ಟರು ಕೇಳಿದರು. ಬಾಟಲಿಯ ಮೇಲೆ ಚೀಟಿ ಇರಲಿಲ್ಲ. ಕಣ್ಣಿನ ಪಾಪೆ ನೋಡಿ, ಬಾಟಲಿ ಮೂಸಿ, ಅವರೇ ಅಂದಾಜು ಮಾಡಿ ಇಂಜೆಕ್ಷನ್ ಶುರು ಮಾಡಿದರು.

ತಾಯಿ ಗದ್ದೆಯಿಂದ ಹಾಗೇ ಬಂದಳು, ಕಾಲಿಗೆ ಕೆಸರು. ಹೊಡೆದೇ ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದೂ ಅನ್ನಿಸಿತು. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು.

"ಧಣ್ಯಾರ ಗದ್ದಿ ಬದುವಿನ್ಯಾಗ ಬಿದ್ದಿತ್ರಿ ಅಕ್ಕೋರ. ಸಬಕಾರ ಹಚ್ಚಿ ತೊಳದಿದ್ದೆನ್ರಿ. ಚಲೋ ಬಾಟ್ಲಿ, ಸೋರಂಗಿಲ್ಲ ಅಂತ ತಂದಿದ್ದೆ. ನನ್ನ ಮಗಳು ಉಳಿತಾಳೇನ್ರಿ?"

ಅವಳನ್ನು ಮಗಳ ಮಂಚದ ಬಳಿ ಕರೆದೊಯ್ದೆ.

ಹೊತ್ತು ಮುಳುಗುವಾಗ ಹುಡುಗಿ ಕಣ್ಣು ಬಿಟ್ಟು "ಯವ್ವಾ" ಎಂದಳು. ಇನ್ನು ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು. ಅವರು ತಾಯಿಯನ್ನು ಕೇಳಿದರು: "ಇಂಥಾ ಬಾಟ್ಲಿ ಮನ್ಯಾಗ ಇನ್ನ ಅದಾವೇನವಾ?"

"ಅದಾವ್ರಿ. ನಮ್ಮ ಮನ್ಯಾಗ ಅಷ್ಟಽ ಅಲ್ರಿ, ಓಣ್ಯಾಗ ಎಲ್ಲಾರೂ ಇಟ್ಕೊಂಡಾರ."

ಮರುದಿನ ಅ ಆ ಬರೆಸಲಿಲ್ಲ. ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತಿ ಹಿಡಿದು ಕೇಳಿದೆ: "ಇಂಥಾ ಬಾಟ್ಲಿ ಯಾರ್ಯಾರ ಮನ್ಯಾಗ ಐತಿ? ಕೈ ಎತ್ರಿ."

ಕೇಳಿದ್ದು ಮನೆಯಲ್ಲಿದೆ ಎಂದರೆ ನಮ್ಮ ತರಗತಿಯಲ್ಲಿ ಚಪ್ಪಾಳೆ ಸಿಗುತ್ತದೆ. ಕೈಗಳು ಎದ್ದವು, ನಾ ಮುಂದು ತಾ ಮುಂದು ಎಂದು. ಒಬ್ಬಳು ಎರಡೂ ಕೈ ಎತ್ತಿದ್ದಳು. ಅವಳ ಪಕ್ಕದವಳು ಕೈ ಎತ್ತದೆ ಚೀಲಕ್ಕೆ ಕೈಹಾಕಿ ತನ್ನ ನೀರಿನ ಬಾಟಲಿ ತೆಗೆದಳು.

"ನಂದು ಇಲ್ಲೇ ಐತ್ರಿ ಟೀಚರ್," ಎಂದು ನಗುತ್ತ ಮುಚ್ಚಳ ತಿರುವಿ ಬಾಯಿಗೆತ್ತಿದಳು.

ನಾನು ಮಕ್ಕಳನ್ನು ದಾಟಿಕೊಂಡು ಓಡಿದೆ.