ಕ್ಯಾಂಪಿನ ಮಂಡಾಳು, ದೊಡ್ಡವ್ವನ ವಗ್ಗರಣಿ

ದೊಡ್ಡವ್ವನ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೂ ಸಣ್ಣ ಸಣ್ಣ ಕಂದು ಚುಕ್ಕೆಗಳಿಂದ ತುಂಬಿತ್ತು. ಮಿರ್ಚಿ ಕರಿಯುವಾಗ ಸಿಡಿದ ಎಣ್ಣೆಯ ಗುರುತುಗಳವು. ಎಣ್ಣೆ ಸಿಡಿದರೂ ಅವರು ಕೈ ಹಿಂದಕ್ಕೆ ಎಳೆದುಕೊಂಡಿದ್ದನ್ನು ನಾನು ಎಂದೂ ನೋಡಲಿಲ್ಲ. ಎದುರಿಗೆ ಕೂತ ಮನುಷ್ಯನನ್ನು ಬೈಯುವ ಹಾಗೆ ಕಡಾಯಿಯನ್ನೇ ಬೈದು, ಮುಂದಿನ ಮಿರ್ಚಿಯನ್ನು ಹಿಟ್ಟಿನಲ್ಲಿ ಅದ್ದಿ ಬಿಡುತ್ತಿದ್ದರು.

ಅವರು ನನಗೆ ಸಂಬಂಧಿಕರಲ್ಲ. ಲಿಂಗಸುಗೂರಿನಿಂದ ಸಿಂಧನೂರಿಗೆ ಬಂದು ನಾನು ಮೊಬೈಲ್ ರಿಪೇರಿ ಅಂಗಡಿ ಇಟ್ಟಾಗ ಅವರದು ಪಕ್ಕದ ಅಂಗಡಿ. ನಡುವೆ ಒಂದು ತಗಡಿನ ಗೋಡೆ. ಇಡೀ ಬಜಾರು ಅವರನ್ನು ದೊಡ್ಡವ್ವ ಎನ್ನುತ್ತಿತ್ತು, ನಾನೂ ಅಂದೆ. ಮುಂಜಾನೆ ವಗ್ಗರಣಿ-ಮಿರ್ಚಿ, ಮಧ್ಯಾಹ್ನದ ಹೊತ್ತಿಗೆ ಅಂಗಡಿ ಬಂದ್. ಮಂಡಾಳನ್ನು, ಅಂದರೆ ಮಂಡಕ್ಕಿಯನ್ನು, ನೀರಿಗೆ ಹಾಕಿ, ತೆಗೆದು, ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನದ ಜೊತೆ ಹುರಿದು, ಮೇಲೆ ಪುಟಾಣಿ ಎನ್ನುವ ಹುರಿಗಡಲೆಯ ಹಿಟ್ಟು ಉದುರಿಸುವ ಆ ವಗ್ಗರಣಿ ನಮ್ಮ ಕಡೆ ಎಲ್ಲ ಊರಲ್ಲೂ ಸಿಗುತ್ತದೆ. ಆದರೆ ಅಲ್ಲಿಗೆ ಜನ ತಿನ್ನುವುದಕ್ಕೆ ಎಷ್ಟು ಬರುತ್ತಿದ್ದರೋ ಅವರ ಮಾತು ಕೇಳುವುದಕ್ಕೂ ಅಷ್ಟೇ ಬರುತ್ತಿದ್ದರು.

ಅವರಿಗೆ ಎಲ್ಲದರ ಮೇಲೂ ಒಂದು ಅಭಿಪ್ರಾಯವಿತ್ತು. ಫೋನಿನಲ್ಲಿ ದುಡ್ಡು ಹಾಕಿದರೆ ಕೂಗಿ ಹೇಳುವ ಪೆಟ್ಟಿಗೆಯನ್ನು ನಾನೇ ಅವರ ಅಂಗಡಿಯಲ್ಲಿ ಕೂಡಿಸಿದ್ದೆ. ಅದನ್ನು ಸ್ವಲ್ಪ ದಿನ ನೋಡಿ ಅವರು ಅಂದರು: "ದುಡ್ಡು ಬಂತು ಅಂತ ಒದರ್ತೈತಿ. ಎಣ್ಣಿ ತುಟ್ಟಿ ಆತು ಅಂತ ಯಾಕ ಒದರಂಗಿಲ್ಲ ಇದು?" ಬಿಸ್ಕತ್ತಿನ ಪಾಕೀಟು ದರ ಅಷ್ಟೇ ಇದ್ದು ಒಳಗೆ ತೆಳ್ಳಗಾಗುತ್ತಿದ್ದುದನ್ನು ಕಂಡು, ಮಾಲು ಹಾಕಲು ಬಂದವನಿಗೆ, "ನಿಮ್ಮ ಕಂಪನಿಗೆ ಜ್ವರ ಬಂದಾವೇನು? ದಿನಾ ಸೊರಗಾಕತ್ತಾವಲ್ಲ ಇವು" ಎಂದಿದ್ದರು. ಮಗಳು ಕೊಡಿಸಿದ ದೊಡ್ಡ ಪರದೆಯ ಫೋನು ಅವರ ಕೈಗೆ ಬಂದ ಮೇಲೆ ನನ್ನ ಹತ್ತಿರ ಬಂದು ಕೇಳಿದ್ದರು: "ಲೇ ತಮ್ಮಾ, ಇದು ಬರೇ ಹೇಳತೈತಿ, ನನ್ನ ಮಾತು ಕೇಳೋದ ಇಲ್ಲ. ಎಲ್ಲಿ ಒತ್ತಿದ್ರ ಕೇಳತೈತಿ?" ಮಾತಾಡಿ ಕಳಿಸುವ ಗುಂಡಿಯನ್ನು ನಾನು ತೋರಿಸಿಕೊಟ್ಟೆ. ಅಂದಿನಿಂದ ಬಜಾರಿನ ವ್ಯಾಪಾರಸ್ಥರ ವಾಟ್ಸಾಪ್ ಗುಂಪಿನವರಿಗೆ ನೆಮ್ಮದಿ ಹೋಯಿತು.

ಒಂದು ಚುನಾವಣೆಯ ಸಮಯ. ಹುಡುಗರ ಒಂದು ದಂಡು ಅಂಗಡಿ ಅಂಗಡಿಗೆ ಹೋಗಿ ಹೆಣ್ಣುಮಕ್ಕಳಿಗೆ ಸೀರೆ ಕೊಡುತ್ತಿತ್ತು. ದೊಡ್ಡವ್ವ ಸೀರೆಯ ಪಾಕೀಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬಿಲ್ ಎಲ್ಲೈತಿ?" ಅಂದರು.

"ಬಿಲ್ ಯಾಕ ದೊಡ್ಡವ್ವ? ಸಾಹುಕಾರ್ರು ಪ್ರೀತಿಲೆ ಕೊಟ್ಟಾರ."

"ಬಣ್ಣ ಬಿಟ್ರ ಯಾರಿಗೆ ವಾಪಸ್ ಕೊಡ್ಲಿ? ಅಂಗಡ್ಯಾಗ ತಗೊಂಡ್ರ ಜಗಳ ಆಡಾಕ ಒಬ್ಬ ಮಾಲಕ ಇರ್ತಾನ. ನಿಮ್ಮ ಸಾಹುಕಾರ ಗೆದ್ದ ಮ್ಯಾಲ ನನ್ನ ಕೈಗೆ ಸಿಗ್ತಾನೇನು? ತಗೊಂಡು ಹೋಗ್ರಿ."

ಹುಡುಗರು ನಗುತ್ತ ಹೋದರು. ದೊಡ್ಡವ್ವ ನಗಲಿಲ್ಲ.

ಅದೇ ಚುನಾವಣೆಯ ಗದ್ದಲದಲ್ಲಿ ಆ ವಿಡಿಯೋ ಬಂತು. ಯಾರದೋ ಕೈ ಒಂದು ಹಿಡಿ ಮಂಡಾಳಿಗೆ ಕಡ್ಡಿ ಗೀರುತ್ತದೆ. ಮಂಡಾಳು ಉರಿದು ಕಪ್ಪಗೆ ಮುದುಡುತ್ತದೆ. ಮುಖ ಕಾಣದ ಒಂದು ದನಿ, ಇದು ಪ್ಲಾಸ್ಟಿಕ್, ಕ್ಯಾಂಪಿನವರು ಮಾಡಿ ನಮ್ಮ ಮಕ್ಕಳಿಗೆ ತಿನಿಸುತ್ತಿದ್ದಾರೆ, ನಿಜವಾದ ಕನ್ನಡಿಗರಾದರೆ ಎಲ್ಲರಿಗೂ ಕಳಿಸಿ, ಎನ್ನುತ್ತದೆ. ಕ್ಯಾಂಪು ಎಂದರೆ ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪು. ಹಿಂದೆ ನೆಲೆ ಕಳೆದುಕೊಂಡು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಅಲ್ಲಿ ಜಾಗ ಕೊಟ್ಟಿತ್ತು. ಅವರ ಮೊಮ್ಮಕ್ಕಳು ಈಗ ನಮ್ಮ ಹಾಗೆಯೇ ಭತ್ತ ಬೆಳೆಯುತ್ತಾರೆ, ನಮ್ಮ ಹಾಗೆಯೇ ಮಾತಾಡುತ್ತಾರೆ. ಅಲ್ಲಿಯ ಒಬ್ಬ ಹೆಣ್ಣುಮಗಳು ಮನೆಯಲ್ಲೇ ಕಾದ ಮರಳಿನಲ್ಲಿ ಮಂಡಾಳು ಹುರಿದು ಬಜಾರಿನ ವಗ್ಗರಣಿ ಅಂಗಡಿಗಳಿಗೆ ಹಾಕುತ್ತಿದ್ದಳು. ದೊಡ್ಡವ್ವನನ್ನು ಅವಳು ತನ್ನ ಬಂಗಾಳಿಯಲ್ಲಿ ದಿದಿ, ಅಂದರೆ ಅಕ್ಕ, ಎನ್ನುತ್ತಿದ್ದಳು. ದೊಡ್ಡವ್ವ ಅವಳನ್ನು ತಂಗಿ ಎನ್ನುತ್ತಿದ್ದರು.

ವಿಡಿಯೋ ಬಂದ ಎರಡು ದಿನಕ್ಕೆ ಬಜಾರಿನ ವಗ್ಗರಣಿ ಅಂಗಡಿಗಳಲ್ಲೆಲ್ಲ ಒಂದೇ ತರಹದ ಬೋರ್ಡು ಬಿತ್ತು: "ನಮ್ಮಲ್ಲಿ ಪಾಕೀಟು ಮಂಡಾಳು ಮಾತ್ರ." ಬೋರ್ಡು ಮಾಡಿಸಿ ಹಂಚಿದವರು ನಮ್ಮಿಬ್ಬರ ಅಂಗಡಿಗಳ ಮಾಲಕರು. ಆ ವಾಟ್ಸಾಪ್ ಗುಂಪನ್ನು ನಡೆಸುತ್ತಿದ್ದವರೂ ಅವರೇ. ದೊಡ್ಡ ಕಿರಾಣಿ ವ್ಯಾಪಾರ ಅವರದು, ಮೃದು ಮಾತಿನ ಮನುಷ್ಯ. ದೊಡ್ಡವ್ವನ ಅಂಗಡಿಗೂ ಅವರೇ ಬೋರ್ಡು ತಂದರು.

"ದೊಡ್ಡವ್ವ, ಒಂದು ಬೋರ್ಡ್ ಅಷ್ಟ. ಗಲಾಟಿ ತಣ್ಣಗಾದ ಮ್ಯಾಲ ತೆಗೆದಿಟ್ರಾತು."

"ಆ ವಿಡಿಯೋದಾಗಿನ ಕೈ ಯಾರದ್ರೀ?"

"ನನಗೇನು ಗೊತ್ತು? ನನಗ ಬಂತು, ಮುಂದ ಕಳಿಸಿದೆ."

"ಬಂದದ್ದು ಮುಂದ ಕಳಿಸಾಕ ನೀವು ಅಂಚೆಯವರೇನು? ಅಂಚೆಯವನಾದ್ರೂ ವಿಳಾಸ ಓದ್ತಾನ. ನಿಮ್ಮ ಅಂಗಡಿಗೆ ಪಾಕೀಟು ಮಂಡಾಳಿನ ಗಾಡಿ ಬಂದು ಎಷ್ಟು ದಿನ ಆತ್ರೀ? ಅದನ್ನ ಹೇಳ್ರಿ ಮೊದ್ಲ."

ಮಾಲಕರು ಬೋರ್ಡನ್ನು ಗೋಡೆಗೆ ಒರಗಿಸಿಟ್ಟು ಹೋದರು.

ಮಧ್ಯಾಹ್ನ ಕ್ಯಾಂಪಿನ ಹೆಣ್ಣುಮಗಳು ಬಂದಳು. ಎಲ್ಲ ಅಂಗಡಿಗಳೂ ವಾಪಸ್ ಕಳಿಸಿದ ಮಂಡಾಳಿನ ಚೀಲಗಳು ಆಟೋದಲ್ಲಿ ತುಂಬಿದ್ದವು. ಅವಳು ಅಳಲಿಲ್ಲ. ಸಿಟ್ಟೂ ತೋರಿಸಲಿಲ್ಲ. "ದಿದಿ, ನೀವೂ ಬೋರ್ಡ್ ಹಾಕಿಬಿಡ್ರಿ. ನಮ್ಮ ಸಲುವಾಗಿ ಅಂಗಡಿ ಕಳಕೋಬ್ಯಾಡ್ರಿ. ನಾವು ಬ್ಯಾರೆ ಊರಿಗೆ ಕಳಿಸ್ಕೊಂತೀವಿ" ಅಂದಳು.

"ನಿನ್ನ ಸಲುವಾಗಿ ಯಾರು ಮಾಡಾಕತ್ತಾರ?" ದೊಡ್ಡವ್ವ ಅವಳ ಮೇಲೇ ರೇಗಿದರು. "ಇಷ್ಟು ವರ್ಷ ನನ್ನ ಕೈಲೆ ತಿಂದಾರ. ಇವತ್ತು ಅದು ವಿಷ ಅಂದ್ರ, ವಿಷ ಹಾಕಿದಾಕಿ ನಾನ ಅಲ್ಲೇನು? ಇದು ನನ್ನ ಜಗಳ. ಚೀಲ ಇಳಿಸು."

ಆಮೇಲೆ ನನ್ನನ್ನು ಕರೆದರು. ಮಾಲಕರು ಬಿಟ್ಟುಹೋದ ಬೋರ್ಡಿನ ಹಿಂಬದಿ ಖಾಲಿ ಇತ್ತು. "ನಿನ್ನ ಅಕ್ಷರ ಛಲೋ ಅದಾವ. ಬರಿ: ಇಲ್ಲಿ ಕ್ಯಾಂಪಿನ ಮಂಡಾಳು." ನಾನು ಬಣ್ಣ ಹಿಡಿದು ನಿಂತೆ. ಅವರು ಅದನ್ನು ಕಂಡು, "ಹೆದರಿಕಿ ಆದ್ರ ಬಿಡು, ನಾನ ಬರೀತೀನಿ. ಜರಾ ಸೊಟ್ಟ ಬರ್ತಾವ ಅಷ್ಟ" ಅಂದರು. ಬರೆದೆ. ದೊಡ್ಡ ಅಕ್ಷರದಲ್ಲೇ ಬರೆದೆ.

ಮರುದಿನ ವಾರದ ಸಂತೆ. ದೊಡ್ಡವ್ವ ಅಂಗಡಿಯ ಮುಂದೆ ಎರಡು ತಾಟು ಇಟ್ಟರು. ಒಂದರಲ್ಲಿ ಪಾಕೀಟಿನ ಮಂಡಾಳು, ಇನ್ನೊಂದರಲ್ಲಿ ಕ್ಯಾಂಪಿನದು. ಜನ ಸೇರಿದ ಮೇಲೆ ಎರಡಕ್ಕೂ ಕಡ್ಡಿ ಗೀರಿದರು. ಎರಡೂ ಒಂದೇ ರೀತಿ ಉರಿದು, ಒಂದೇ ರೀತಿ ಕಪ್ಪಗಾದವು.

"ನೋಡಿದ್ರೇನು? ಒಣಗಿದ್ದು ಎಲ್ಲಾ ಉರೀತೈತಿ. ಈ ಹುಡುಗನ ಅಂಗಿನೂ ಉರೀತೈತಿ. ಹಂಗಂತ ಅದು ಪ್ಲಾಸ್ಟಿಕ್ ಆತೇನು?"

"ದೊಡ್ಡವ್ವ, ಇದು ಪಾಲಿಸ್ಟರ್ ಅಂಗಿ, ಖರೇನ ಪ್ಲಾಸ್ಟಿಕ್ಕ" ಎಂದ ಆ ಹುಡುಗ. ಎಲ್ಲರೂ ನಕ್ಕರು. ದೊಡ್ಡವ್ವನೂ ತಡೆಯಲಾರದೆ ನಕ್ಕರು. ಆದರೆ ನಕ್ಕವರು ಯಾರೂ ಒಳಗೆ ಬಂದು ಕೂಡಲಿಲ್ಲ. ಬುಟ್ಟಿಯ ತುಂಬ ವಗ್ಗರಣಿ ಉಳಿಯಿತು.

ಆ ಸಂಜೆ ಅವರು ಫೋನು ಹಿಡಿದು ಗುಂಪಿಗೆ ಮಾತು ಕಳಿಸಿದರು. ನಾನು ಅಂಗಡಿಯಲ್ಲಿದ್ದೆ. ತಗಡಿನ ಗೋಡೆಯ ಆಚೆ ಅವರ ದನಿ ಕೇಳಿಸಿತು. ಸ್ವಲ್ಪ ಹೊತ್ತಿಗೆ ಎದುರಿನ ಚಪ್ಪಲಿ ಅಂಗಡಿಯಿಂದಲೂ ಅದೇ ದನಿ, ಆಮೇಲೆ ಗೊಬ್ಬರದ ಅಂಗಡಿಯಿಂದ, ಆಮೇಲೆ ಬಟ್ಟೆ ಅಂಗಡಿಯಿಂದ. ಒಬ್ಬೊಬ್ಬರೂ ಫೋನು ತೆರೆದ ಹಾಗೆ ಬಜಾರಿನ ಉದ್ದಕ್ಕೂ ದೊಡ್ಡವ್ವ ಮಾತಾಡುತ್ತಿದ್ದರು: "ಆ ವಿಡಿಯೋ ಮಾಡಿದಾಂವ ಮುಖ ಯಾಕ ತೋರಿಸವಲ್ಲ? ನನ್ನ ಮುಖ ನಿಮಗೆಲ್ಲಾ ಗೊತ್ತೈತಿ. ನಾ ಹೇಳಾಕತ್ತೀನಿ, ಈ ಮಂಡಾಳು ನಾ ತಿಂತೀನಿ, ನನ್ನ ಮಗಳ ಮಕ್ಕಳಿಗೂ ತಿನಸ್ತೀನಿ. ಸುಳ್ಳು ಇದ್ರ ನನ್ನ ಅಂಗಡಿ ಮುಂದ ಬಂದು ಹೇಳ್ರಿ." ಕತ್ತಲಾಗುವುದರೊಳಗೆ ಅವರನ್ನು ಗುಂಪಿನಿಂದ ತೆಗೆದುಹಾಕಿದರು. ಅದು ಹೇಗೆ ತಿಳಿಯುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಿದಾಗ, "ಹಂಗಾರ ಕೇಳ್ಯಾರ ಅಂತಾತು" ಅಂದರು.

ಕೆಲವೇ ದಿನಕ್ಕೆ ಮಾಲಕರು ಅಂಗಡಿ ಖಾಲಿ ಮಾಡಲು ಹೇಳಿದರು. ಬೋರ್ಡು ತೆಗೆದರೆ ಇರಬಹುದು ಎಂದೂ ಹೇಳಿದರು. ದೊಡ್ಡವ್ವನ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮಗಳನ್ನು ಓದಿಸಿ ಮದುವೆ ಮಾಡಿದ್ದು ಆ ಅಂಗಡಿಯಿಂದಲೇ. ಅಂದು ಅವರು ಖಾಲಿ ಕಡಾಯಿಯ ಮುಂದೆ ಕೂತು ಅದನ್ನೇ ಉಜ್ಜುತ್ತಿದ್ದರು. ನಾನೂ ಅಂಗಡಿ ಬಿಡುತ್ತೇನೆ ಅಂದೆ.

"ನೀ ಯಾಕ ಬಿಡ್ತಿ? ನಾ ಹೋದ ಮ್ಯಾಲ ಈ ಬಜಾರದಾಗ ಖರೇ ಮಾತಾಡಾಕ ಒಬ್ಬರ ಬೇಕಲ್ಲ. ಇಲ್ಲೇ ಕುಂದುರು" ಎಂದು ಎದ್ದು, ಸೆರಗು ಸಿಕ್ಕಿಸಿ, ಪಾತ್ರೆಗಳನ್ನು ಕಟ್ಟತೊಡಗಿದರು. ಬೋರ್ಡನ್ನು ಎಲ್ಲಕ್ಕಿಂತ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು ಬಜಾರಿನ ನಟ್ಟನಡುವೆಯೇ ಆಟೋದಲ್ಲಿ ಹೋದರು.

ಸಿಂಧನೂರಿನ ಹೊರಗೆ ಗೊರೇಬಾಳ ಕ್ರಾಸಿನಲ್ಲಿ ಒಂದು ತಗಡಿನ ಶೆಡ್ಡು ಹಿಡಿದರು. ಅಲ್ಲಿಗೆ ಕ್ಯಾಂಪಿನ ಹೆಣ್ಣುಮಗಳನ್ನೂ ಕರೆದರು. ಚೀಲ ಹಾಕಿ ಹೋಗುವುದಕ್ಕಲ್ಲ, ಜೊತೆಗೆ ಕೂತು ವ್ಯಾಪಾರ ಮಾಡುವುದಕ್ಕೆ. ರಸ್ತೆಯ ಕಡೆ ಮುಖ ಮಾಡಿ ಒಂದು ಒಲೆಯ ಮೇಲೆ ಅವಳು ಮರಳು ಕಾಯಿಸಿ ಮಂಡಾಳು ಹುರಿಯುತ್ತಿದ್ದಳು. ಪಕ್ಕದ ಒಲೆಯ ಮೇಲೆ ದೊಡ್ಡವ್ವ ವಗ್ಗರಣಿ ಹಾಕುತ್ತಿದ್ದರು. "ಮಾಡೋದು ಎಲ್ಲಾರಿಗೂ ಕಾಣಬೇಕು. ಪಾಕೀಟಿನಾಂವ ಹಿಂಗ ತೋರಿಸ್ಲಿ ನೋಡೂಣು" ಎಂಬುದು ಅವರ ಸವಾಲು.

ಮೊದಲು ಬಂದವರು ಕೂಲಿಗೆ ಹೋಗುವ ಹೆಣ್ಣುಮಕ್ಕಳು, ಆಮೇಲೆ ಜವಳಗೇರಾ ಕಡೆಯ ಟ್ರ್ಯಾಕ್ಟರಿನವರು. ಬಿಸಿ ಬಿಸಿ ಮಂಡಾಳು ಕಣ್ಣೆದುರಿಗೇ ಅರಳುವುದನ್ನು ನೋಡುತ್ತ ನಿಲ್ಲುತ್ತಿದ್ದರು. ಕಾಲುವೆಗೆ ನೀರು ಬಿಟ್ಟ ಮೇಲೆ ಗದ್ದೆ ಕೆಲಸ ಜೋರಾಯಿತು, ಅಂಗಡಿಯೂ ಜೋರಾಯಿತು. ಅಷ್ಟರಲ್ಲಿ ಫೋನುಗಳಲ್ಲಿ ಇನ್ನಾವುದೋ ವಿಡಿಯೋ ಬಂದಿತ್ತು, ಹಾಲಿನದೋ ಮೊಟ್ಟೆಯದೋ. ಮಂಡಾಳಿನ ಸುದ್ದಿಯನ್ನು ಜನ ಮರೆತರು. ಸುಳ್ಳಾಗಿತ್ತು ಎಂದು ಮಾತ್ರ ಯಾರೂ ಹೇಳಲಿಲ್ಲ. ಸಿಂಧನೂರಿನ ನಮ್ಮ ಬಜಾರಿನವರೇ ಬೈಕು ಹತ್ತಿ ಕ್ರಾಸಿಗೆ ಹೋಗಿ ತಿಂದು ಬರತೊಡಗಿದರು.

ಒಂದು ದಿನ ಮಾಲಕರೂ ಹೋದರು. ನಾನು ಅಲ್ಲೇ ಇದ್ದೆ. ಹಳೆಯ ಅಂಗಡಿ ಖಾಲಿಯೇ ಇದೆ, ವಾಪಸ್ ಬರ್ರಿ ಎಂದು ಕರೆದರು. ದೊಡ್ಡವ್ವ ಅವರಿಗೆ ತಾಟಿನಲ್ಲಿ ವಗ್ಗರಣಿ ಹಾಕಿ, ಎರಡು ಮಿರ್ಚಿ ಇಟ್ಟು, ಮುಂದೆ ನಿಂತರು.

"ತಿನ್ರಿ. ಹಸದು ಬಂದವ್ರಿಗೆ ಇಲ್ಲ ಅನ್ನಂಗಿಲ್ಲ. ಆದ್ರ ಅಂಗಡಿ ಮಾತು ಆಮ್ಯಾಲ. ಯಾವ ಗುಂಪಿನ್ಯಾಗ ಆ ಸುಳ್ಳು ಹಾಕಿದ್ರಿ, ಅದ ಗುಂಪಿನ್ಯಾಗ ತಪ್ಪಾತು ಅಂತ ಒಂದು ಮಾತು ಹಾಕ್ರಿ. ನನಗಲ್ಲ, ಈಕಿಗೆ."

ಮಾಲಕರು ತಾಟು ಖಾಲಿ ಮಾಡಿದರು, ಕೈ ತೊಳೆದರು, ಹೋದರು. ಆ ಮಾತು ಗುಂಪಿಗೆ ಬರಲಿಲ್ಲ. ದೊಡ್ಡವ್ವ ಸಿಂಧನೂರಿನ ಅಂಗಡಿಗೆ ಮತ್ತೆ ಕಾಲಿಡಲಿಲ್ಲ.

ಈ ಸಲದ ಚಳಿಗಾಲದಲ್ಲಿ, ಅಂಗಡಿ ತೆಗೆಯಲು ಸಿದ್ಧವಾಗುತ್ತಿದ್ದಾಗಲೇ ಅವರ ಎದೆ ಹಿಡಿದುಕೊಂಡಿತು. ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲೇ ಜೀವ ಹೋಯಿತು. ಅವರ ತವರು ಮಸ್ಕಿ. ಅಲ್ಲಿಯ ಹೊಲದಲ್ಲಿ, ಗುಡ್ಡ ಕಾಣುವ ಬದುವಿನ ಪಕ್ಕ ಮಣ್ಣು ಮಾಡಿದರು. ಮಠದ ಅಯ್ಯನವರು ಕ್ರಿಯೆ ಮುಗಿಸಿದರು. ಮಗಳು ಅತ್ತು ಅತ್ತು ಸೋತು ಕೂತಿದ್ದಳು. ಬಂದವರು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕುತ್ತಿದ್ದರು. ಕ್ಯಾಂಪಿನ ಹೆಣ್ಣುಮಗಳು ಮುಂದೆ ಬಂದಾಗ ದೊಡ್ಡವ್ವನ ಅಣ್ಣನ ಮಗ ಕೈ ಅಡ್ಡ ಹಿಡಿದ.

"ಮನಿಯವರದು ಆಗ್ಲಿ. ಹೊರಗಿನವರು ದೂರ ನಿಲ್ರಿ."

ಜನರ ನಡುವೆ ದನಿ ಎತ್ತುವ ಮನುಷ್ಯ ನಾನಲ್ಲ. ಅಂಗಡಿಯಲ್ಲೂ ತಲೆ ತಗ್ಗಿಸಿ ಸಣ್ಣ ಸಣ್ಣ ಸ್ಕ್ರೂ ಬಿಚ್ಚುತ್ತ ಕೂಡುವವನು. ಅಂದು ಹೇಗೆ ಬಂತೋ, ನನ್ನ ಬಾಯಿಂದ ಮಾತು ಬಂತು. ಅದನ್ನು ಯಾರು ಕೊಟ್ಟರು ಎಂದು ನನಗೆ ಚೆನ್ನಾಗಿ ಗೊತ್ತು.

"ಯಾರ್ರೀ ಹೊರಗಿನವರು? ಇಷ್ಟು ದಿನ ಅವರ ಜೋಡಿ ಒಲಿ ಮುಂದ ಕುಂತಾಕಿ ಈಕಿ. ನೀವು ಎಷ್ಟು ಸಲ ಬಂದಿದ್ರಿ ಕ್ರಾಸಿಗೆ?"

"ನೀ ಯಾರು ಕೇಳಾಕ?"

"ಅವರ ಬಾಜೂ ಅಂಗಡಿಯಾಂವ. ಕೇಳ್ತೀನಿ. ಹೇಳ್ರಿ."

ಅವನು ನನ್ನ ಕಡೆ ಒಂದು ಹೆಜ್ಜೆ ಬಂದ. ನಾನು ಹಿಂದೆ ಸರಿಯಲಿಲ್ಲ. ಯಾರೋ ನಡುವೆ ಬಂದು ಬಿಡಿಸಲು ನೋಡಿದರು. ಅಯ್ಯನವರು ಏನೋ ಹೇಳಲು ಕೈ ಎತ್ತಿದರು. ಆದರೆ ದೊಡ್ಡವ್ವನ ಮಗಳು ಕೂತಲ್ಲಿಂದಲೇ ಮಣ್ಣಿನ ಗುಂಡಿಯ ಕಡೆ ನೋಡುತ್ತಿದ್ದಳು. ನಾವೂ ತಿರುಗಿದೆವು. ನಾವು ವಾದಿಸುತ್ತಿರುವಾಗಲೇ ಆ ಹೆಣ್ಣುಮಗಳು ನಮ್ಮೆಲ್ಲರನ್ನೂ ದಾಟಿ ಹೋಗಿ, ಯಾರ ಅಪ್ಪಣೆಗೂ ಕಾಯದೆ, ಎರಡೂ ಕೈ ತುಂಬ ಮಣ್ಣು ತೆಗೆದು ತನ್ನ ದಿದಿಗೆ ಹಾಕುತ್ತಿದ್ದಳು.